ಹೆಬ್ಬೆರಳ ಕೆಳಗಿನ ಕೂಸು

ಸ್ಟೇಷನ್ ರಸ್ತೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಬಸಲಿಂಗಯ್ಯ, ಪ್ಲೇಗಿನಲ್ಲಿ ತಾಯಿ ಸತ್ತಳೆಂದು ಮಠದಲ್ಲಿ ಬೆಳೆದವನು. ಹೆಸರು ಮರೆತ ಹಳೇ ಫೋಟೋ ತಂದರೆ ಮುಖ ಬಿಟ್ಟು ಮೊದಲು ಕಿವಿ ನೋಡುತ್ತಾನೆ. "ಮಾರಿ ಸುಳ್ಳು ಹೇಳತೈತ್ರಿ, ಕಿವಿ ಹೇಳೂದಿಲ್ಲ" ಎನ್ನುತ್ತ, ತಂದವರ ಕಿವಿ ಹಿಡಿದೆಳೆದು ನೋಡಿಯೇ ಫೋಟೋದಲ್ಲಿನ ಅವರ ಮುತ್ತ್ಯಾನನ್ನು ಗುರುತಿಸಿಬಿಡುತ್ತಾನೆ. ಒಂದು ಫೋಟೋವನ್ನು ಮಾತ್ರ ಗೋಡೆಗೆ ಮುಖ ಮಾಡಿ ಇಟ್ಟಿದ್ದಾನೆ. ಅದರಲ್ಲಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡ ಹೆಂಗಸು. ಮುದುಕಿಯರು ಬಂದರೆ ಕೂಸಿನ ಮೇಲೆ ಹೆಬ್ಬೆರಳು ಒತ್ತಿ, "ಈಕಿ ಯಾರ್ರಿ ಯವ್ವಾ?" ಎಂದು ಕೇಳುತ್ತಾನೆ, ಗೊತ್ತಿಲ್ಲವೆಂದರೆ ಹಗುರಾದವನಂತೆ ಉಸಿರು ಬಿಟ್ಟು ಬೆವರು ಒರೆಸಿಕೊಳ್ಳುತ್ತಾನೆ. ಮೊನ್ನೆ ಹೊನವಾಡದ ಮುದುಕಿ ರುದ್ರವ್ವ ಆ ಬೆರಳನ್ನೇ ಸರಿಸಿದಳು. ಕೂಸಿನ ಸೀಳಿದ ಕಿವಿ ನೋಡಿದಳು, ಬಸಲಿಂಗಯ್ಯನ ಸೀಳಿದ ಕಿವಿ ನೋಡಿದಳು. "ಯಪ್ಪಾ, ಈಕಿ ಇನ್ನೂ ಜೀವಂತ ಅದಾಳ..." ಎನ್ನುವಷ್ಟರಲ್ಲಿ ಅವನು ಎರಡೂ ಕಿವಿ ಮುಚ್ಚಿಕೊಂಡ.