ಗೇಟಿಗೆ ಕಟ್ಟಿದ ರಾಗಿ

ನನ್ನ ಮೊಮ್ಮಗಳು ಸಮುದ್ರಕ್ಕೆ ಗೆರೆ ಹಾಕುವ ಕೆಲಸಕ್ಕೆ ಸೇರಿದಳು ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದೆ. ನಾನು ಓದಿದ್ದು ಮೂರನೇ ಕ್ಲಾಸು, ಸಮುದ್ರ ಕಂಡವಳಲ್ಲ. ಅವಳೇ ಬಿಡಿಸಿ ಹೇಳಿದ್ದಳು: ನಮ್ಮ ಕಾಡಿಗೆ ಮಾಡಿದಂತೆ ದೇಶದ ಕಡಲಲ್ಲೂ ಅಲ್ಲಲ್ಲಿ ಜಾಗ ಗುರುತಿಸಿ, ಮೀನು, ಆಮೆ ಉಳಿಯಲಿ ಎಂದು ಸರ್ಕಾರ ಕಾಯುತ್ತದಂತೆ. ಅದರ ನಕ್ಷೆ ಮಾಡುವವರಲ್ಲಿ ನನ್ನ ಕೂಸೂ ಒಬ್ಬಳು! ಹೇಳುತ್ತಾ ಹೇಳುತ್ತಾ ನನಗೆ ಕಣ್ಣಲ್ಲಿ ನೀರು ಬರುತ್ತಿತ್ತು.

ಹೋದ ವರ್ಷ ಮುಂಗಾರಿಗೆ ಮುಂಚೆ ಅವಳು ಕರಾವಳಿಯ ಮೀನುಗಾರರನ್ನು ಬಸ್ಸಿನಲ್ಲಿ ನಮ್ಮೂರಿಗೇ ಕರೆತಂದಳು. ಕಾಡಂಚಿನವರು ಹೇಗಿದ್ದಾರೆ ಎಂದು ಅವರಿಗೆ ತೋರಿಸಬೇಕಿತ್ತು. ನಾನು ಅವತ್ತು ರಾಗಿ ಹಿಡಿದು ಫಾರೆಸ್ಟ್ ಗೇಟಿಗೆ ಹೊರಟಿದ್ದೆ. ಬಿತ್ತುವ ಮೊದಲು ಒಂದು ಹಿಡಿ ರಾಗಿಯನ್ನು ಅಮ್ಮನ ಗುಡಿಯಲ್ಲಿಟ್ಟು ಬರುವುದು ನಮ್ಮ ಮನೆಯ ಪದ್ಧತಿ. ಗುಡಿ ಈಗ ಕಾಡಿನ ಗೆರೆಯೊಳಗಿದೆ. ವರ್ಷಕ್ಕೊಮ್ಮೆ ಪೂಜೆಗೆ ಬಿಡುತ್ತಾರೆ, ಬಿತ್ತನೆ ಹೊತ್ತಿಗೆ ಬಿಡುವುದಿಲ್ಲ. ಅದಕ್ಕೇ ರಾಗಿಯನ್ನು ಬಟ್ಟೆಯಲ್ಲಿ ಗಂಟು ಹಾಕಿ, ಗೇಟಿನ ಸರಪಳಿಗೆ ಕಟ್ಟಿ ಕೈ ಮುಗಿಯುತ್ತೇನೆ. ಚಿಕ್ಕವಳಿದ್ದಾಗ ಮೊಮ್ಮಗಳು ನನ್ನ ಸೆರಗು ಹಿಡಿದು ಅಲ್ಲೇ ನಿಂತಿರುತ್ತಿದ್ದಳು. ನಾನು ಅತ್ತಿದ್ದನ್ನೂ ನೋಡಿದ್ದಾಳೆ.

ಗಂಟು ಕಟ್ಟುವಾಗ ಅವಳು ಫೋಟೊ ತೆಗೆದಳು. ಬಂದವರಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಹತ್ತಿರ ಬಂದಳು. ಅವಳೂರಿನಲ್ಲಿ ಮೀನಿಗೆ ಹೊರಡುವ ಮುಂಚೆ ಕಡಲೊಳಗಿನ ಒಂದು ಬಂಡೆಗೆ ದೋಣಿಯಲ್ಲಿ ಹೋಗಿ ಕಾಯಿ ಒಡೆಯುತ್ತಾರಂತೆ. ಇನ್ನೂ ಮುಗಿಯದ ಹೊಸ ನಕ್ಷೆಯಲ್ಲಿ ಆ ಬಂಡೆ ಗೆರೆಯೊಳಗೆ ಬಿದ್ದಿತ್ತು.

"ನಿಜ ಹೇಳಿ ಅಮ್ಮಾ, ಇಲ್ಲಿಂದಲೇ ಕೈ ಮುಗಿದ್ರೆ ಸಮಾಧಾನ ಆಗ್ತದಾ?" ಎಂದಳು.

"ಎಲ್ಲೈತೆ ಸಮಾಧಾನ? ಅಮ್ಮ ಒಳಗವ್ಳೆ, ನಾನು ಬೀಗಕ್ಕೆ ಕೈ ಮುಗೀತೀನಿ. ಗೆರೆ ಎಳೆಯೋಕ್ ಮುಂಚೇನೇ ನಿಮ್ ಬಂಡೆಗೆ ದಾರಿ ಬರೆಸ್ಕೊಳ್ಳಿ ಕಣವ್ವ. ಆಮ್ಯಾಕೆ ಯಾರೂ ಕೊಡಕ್ಕಿಲ್ಲ."

ಮೊಮ್ಮಗಳತ್ತ ತಿರುಗಿ, "ಬರ್ಕೊಂಡ್ಯಾ ಕೂಸೇ?" ಎಂದೆ.

"ಎಲ್ಲಾ ಬರ್ಕೊಂಡೆ ಕಣಜ್ಜಿ."

"ನನ್ ಮೊಮ್ಮಗ್ಳೇ ಬರ್ದವ್ಳೆ, ಇನ್ನೇನ್ ಯೋಚ್ನೆ, ಬುಡಿ!" ಎಂದು ಆ ಹೆಂಗಸಿನ ಕೈ ಹಿಡಿದು ಹೇಳಿದೆ. ಅವಳು ನಂಬಿಕೊಂಡು ಬಸ್ಸು ಹತ್ತಿದಳು.

ಈ ವರ್ಷ ಮೊಮ್ಮಗಳು ಆ ಯೋಜನೆಯ ಪುಸ್ತಕ ಕಳಿಸಿದಳು. ತೆರೆದರೆ ಪುಟದ ತುಂಬ ನಾನೇ! ಮನೆಯಲ್ಲಿ ಕೂರಲಾಗಲಿಲ್ಲ. ಬಸ್ಸು ಹತ್ತಿ ಹ್ಯಾಂಡ್‌ಪೋಸ್ಟ್ ಪೇಟೆಗೆ ಹೋಗಿ ಹೂವಿನವಳಿಗೆ ತೋರಿಸಿದೆ. "ಏನಜ್ಜಿ, ಎಲೆಕ್ಷನ್‌ಗೆ ನಿಂತಿದ್ದೀಯಾ?" ಎಂದು ನಕ್ಕಳು. ಬಳೆ ಅಂಗಡಿಯವಳು ಫೋಟೊದ ಕೆಳಗಿನದನ್ನು ಗಟ್ಟಿಯಾಗಿ ಓದಿದಳು. ಕಾಡಿಗೆ ರಕ್ಷಣೆ ಬಂದ ಮೇಲೆ ಇಲ್ಲಿನ ಜನ ತಮ್ಮ ಪೂಜೆಯನ್ನು ಸಂತೋಷದಿಂದ ಗೇಟಿನ ಬಳಿಗೆ ತಂದುಕೊಂಡಿದ್ದಾರೆ, ಕಡಲಲ್ಲೂ ಹೀಗೇ ಆಗಬಹುದು ಎಂದಿತ್ತು.

ಇನ್ನೊಂದು ಸಲ ಓದಿಸಿದೆ. ಅಲ್ಲೇ ನಿಂತು ಮೊಮ್ಮಗಳಿಗೆ ಫೋನ್ ಮಾಡಿದೆ.

"ನಾನ್ ಅಂಗಂದಿದ್ನಾ?"

"ಇಲ್ಲಜ್ಜಿ. ನೀನಂದಿದ್ದೇ ಬರೆದಿದ್ದೆ, ಆಫೀಸಿನ ದೊಡ್ಡೋರು ತೆಗೆಸಿದ್ರು."

"ಇದ್ನ ಬರ್ದೋರ್ಯಾರು?"

"ನಾನೇ. ಹಿಂಗೆ ಬರೀದಿದ್ರೆ ಫೋಟೊ ಹಾಕ್ತಿರ್ಲಿಲ್ಲ. ನೀನು ಖುಷಿ ಪಡ್ತೀಯ ಅಂತ..."

ಖುಷಿ ಪಟ್ಟಿದ್ದೆ. ಬಸ್ಸಿನುದ್ದಕ್ಕೂ ಪಟ್ಟಿದ್ದೆ.

"ಆ ಕಡಲೂರವ್ಳಿಗೂ ಕಳ್ಸಿದ್ದೀಯಾ?"

"ಹೂಂ."

"ಅವಳ್ ನಂಬರ್ ಕೊಡು."

"ಯಾರ ನಂಬರೂ ಹೊರಗೆ ಕೊಡಂಗಿಲ್ಲಜ್ಜಿ, ಆಫೀಸ್ ರೂಲು."

"ನನ್ ಮೊಕ ಕೊಟ್ಯಲ್ಲ!" ಎಂದೆ.

ಬಳೆ ಅಂಗಡಿಯವಳು ಪುಸ್ತಕ ಮುಚ್ಚಿ ನನ್ನ ಕೈಗಿಟ್ಟಳು.