ಡ್ಯಾಮೇಜ್ ಬೇರೆ, ಸ್ಪಾಯಿಲ್ ಬೇರೆ

ಆಗ ನನಗೆ ಐವತ್ತೊಂದು. ಹನ್ನೆರಡು ವರ್ಷದ ಹಿಂದಿನ ಮಾತು. ಚೆಕಿಂಗ್ ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ದನದ ಕೊಂಬಿನ ಹಾಗೆ ಇತ್ತು. ದಪ್ಪ, ಹಳದಿ, ನಡುವೆ ಒಂದು ಗೀರು. ದಿನಕ್ಕೆ ನೂರಾರು ಅಂಗಿಗಳ ಹೊಲಿಗೆಯ ಮೇಲೆ ಆ ಉಗುರನ್ನು ಎಳೆದೂ ಎಳೆದೂ ಹಾಗಾಗಿತ್ತು. ಹೊಲಿಗೆ ಎಲ್ಲಿ ಬಿಟ್ಟಿದೆಯೋ ಅಲ್ಲಿ ಉಗುರು ನಿಲ್ಲುತ್ತಿತ್ತು. ಕಣ್ಣು ಆಮೇಲೆ ನೋಡುತ್ತಿತ್ತು.

ಕಾಮಾಕ್ಷಿಪಾಳ್ಯದ ಒಂದು ಗಲ್ಲಿಯಲ್ಲಿ, ಎರಡನೇ ಮಹಡಿಯಲ್ಲಿ, ಮೂವತ್ತು ಮಿಷನ್ನಿನ ಗಾರ್ಮೆಂಟ್ಸ್. ಅಲ್ಲಿ ಹೊಲಿದ ಒಂದೊಂದು ಬಟ್ಟೆಯೂ ಹೊರಗೆ ಹೋಗುವ ಮುಂಚೆ ಇವರ ಕೈ ದಾಟಬೇಕಿತ್ತು. ನಾವೆಲ್ಲ ಚೆಕಿಂಗ್ ಅಕ್ಕ ಅನ್ನುತ್ತಿದ್ದೆವು. ನನಗಿಂತ ಐದಾರು ವರ್ಷ ದೊಡ್ಡವರು. ನನ್ನದು ದಾರ ಕತ್ತರಿಸುವ ಕೆಲಸ. ಹೊಲಿದ ಅಂಗಿಯಲ್ಲಿ ಅಲ್ಲಲ್ಲಿ ದಾರದ ತುದಿ ನೇತಾಡುತ್ತಿರುತ್ತದೆ. ಅದನ್ನು ಸಣ್ಣ ಕತ್ತರಿಯಿಂದ ತೆಗೆದು, ಬಂಡಲ್ ಕಟ್ಟಿ, ನನ್ನ ನಂಬರಿನ ಚೀಟಿ ಸಿಕ್ಕಿಸಿ ಅವರ ಮೇಜಿಗೆ ಕೊಡಬೇಕು. ಆ ಗಾರ್ಮೆಂಟ್ಸ್ ಈಗ ಇಲ್ಲ. ಆ ಮಹಡಿಯಲ್ಲಿ ಈಗ ಜಿಮ್ ಇದೆ. ಇದನ್ನು ಬರೆದರೆ ಇನ್ನು ಯಾರ ಕೆಲಸವೂ ಹೋಗುವುದಿಲ್ಲ.

ಅಕ್ಕನಿಗೆ ಕೈ ಸುಮ್ಮನಿರುತ್ತಿರಲಿಲ್ಲ. ಬಸ್ಸಿನಲ್ಲಿ ಮುಂದೆ ನಿಂತವರ ಕಾಲರ್ ಹಿಡಿದು ನೋಡಿಬಿಡುತ್ತಿದ್ದರು. ಒಮ್ಮೆ ನಮ್ಮ ಜೊತೆ ಕೆಲಸ ಮಾಡುವವಳ ತಮ್ಮನ ಮದುವೆಗೆ ಹೋಗಿದ್ದೆವು. ಅಕ್ಕಿಕಾಳು ಹಾಕಲು ಸ್ಟೇಜ್ ಹತ್ತಿದವರು ಮದುಮಗನ ಕೋಟಿನ ತೋಳು ತಿರುಗಿಸಿ, "ಲೈನಿಂಗ್ ಬಿಟ್ಟಿದೆ ಕಣಪ್ಪ, ವಾಪಸ್ ಕೊಡುವಾಗ ನಿನ್ನ ಮೇಲೆ ಹಾಕ್ತಾರೆ, ಹುಷಾರು," ಅಂದರು. ಬಾಡಿಗೆ ಕೋಟು ಅನ್ನುವುದು ಮದುಮಗಳಿಗೆ ಆಗ ಗೊತ್ತಾಯಿತು.

ಅವರ ಮೇಜಿನ ಪಕ್ಕ ಎರಡು ಬುಟ್ಟಿ. ಒಂದು ಡ್ಯಾಮೇಜಿಗೆ, ಒಂದು ಸ್ಪಾಯಿಲಿಗೆ. ಓನರಿಗೆ ಇದು ಹಿಡಿಸುತ್ತಿರಲಿಲ್ಲ.

"ಅಮ್ಮಾ, ಡ್ಯಾಮೇಜೋ ಸ್ಪಾಯಿಲೋ, ಹೋಗಿದ್ದು ನನ್ನ ಬಟ್ಟೆ. ಎರಡೂ ಒಂದೇ ಬುಟ್ಟಿಗೆ ಹಾಕಿ. ಜಾಗ ಉಳಿಯುತ್ತೆ."

"ಒಂದೇ ಅಲ್ಲ ಸಾರ್. ಏಟು ಬಿದ್ದದ್ದು ಬೇರೆ, ಕೆಟ್ಟದ್ದು ಬೇರೆ."

ಅವರು ಎಸ್ಸೆಸ್ಸೆಲ್ಸಿ ಓದಿದವರು. ಮುಂಚೆ ಪೀಣ್ಯದ ದೊಡ್ಡ ಫ್ಯಾಕ್ಟರಿಯಲ್ಲಿದ್ದರಂತೆ. ಅಲ್ಲಿ ಹೊರದೇಶದವನೊಬ್ಬ ಬಟ್ಟೆ ನೋಡಲು ಬಂದಾಗ ಡ್ಯಾಮೇಜ್ ಅನ್ನುವ ಕಡೆ ಸ್ಪಾಯಿಲ್ ಅಂದುಬಿಟ್ಟರಂತೆ. ನಾಲ್ಕು ಹೊಲಿಗೆ ಹಾಕಿದರೆ ಸರಿಹೋಗುತ್ತಿದ್ದ ಮಾಲನ್ನು ಅವನು ಪೂರ್ತಿ ಬೇಡ ಅಂದನಂತೆ. ಅಂದಿನಿಂದ ಈ ಎರಡು ಮಾತು ಅವರಿಗೆ ಹಲ್ಲಿನಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ. ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಪಾಠ. ನನಗೂ ಆಯಿತು.

"ಬಸ್ಸಿಗೆ ಲಾರಿ ಗುದ್ದಿದ್ರೆ ಏನು?"

"ಆಕ್ಸಿಡೆಂಟು," ಅಂದೆ.

"ಅಯ್ಯೋ ನಿನ್ನ. ಬಸ್ಸಿಗೆ ಏನಾಯ್ತು? ಡ್ಯಾಮೇಜ್. ಗ್ಯಾರೇಜಿಗೆ ಹೋಗುತ್ತೆ, ಬರುತ್ತೆ. ಹಾಲು ಒಡೆದ್ರೆ? ಸ್ಪಾಯಿಲ್. ಅದನ್ನ ಯಾವ ಗ್ಯಾರೇಜಿಗೆ ಕಳಿಸ್ತೀಯ?"

"ಒಡೆದ ಹಾಲಿಗೆ ಬೆಲ್ಲ ಹಾಕ್ಕೊಂಡು ತಿಂತೀವಲ್ಲ ಅಕ್ಕ ನಮ್ಮನೇಲಿ."

"ತಿಂತೀಯ. ಕಾಫಿ ಮಾಡಕ್ಕಾಗುತ್ತಾ? ಕೇಳಿಲ್ಲಿ. ಮದುವೆ ಮನೇಲಿ ಜೋರು ಮಳೆ ಬಂತು ಅಂತಿಟ್ಕೋ. ಪೆಂಡಾಲಿಗೆ ಡ್ಯಾಮೇಜ್. ಪಾಯಸ ಸ್ಪಾಯಿಲ್. ಒಂದೇ ಮಳೆ, ಎರಡು ಮಾತು. ತಿಳೀತಾ?"

ತಿಳಿಯಿತು. ಹೊರಗಿಂದ ಏಟು ಬಿದ್ದು ವಸ್ತು ಉಳಿದರೆ ಒಂದು ಮಾತು, ವಸ್ತುವೇ ತನ್ನ ಗುಣ ಬಿಟ್ಟರೆ ಇನ್ನೊಂದು. ನನಗೆ ಗೊತ್ತಿರುವ ಇಂಗ್ಲಿಷಿನಲ್ಲಿ ಇವೆರಡು ಮಾತ್ರ ಗಟ್ಟಿ.

ನನ್ನ ಪಕ್ಕದಲ್ಲಿ ಅದೇ ಕೆಲಸಕ್ಕೆ ಸಿಂಧನೂರಿನವಳೊಬ್ಬಳು ಕೂರುತ್ತಿದ್ದಳು. ಇಪ್ಪತ್ತೆಂಟು ವಯಸ್ಸು, ಗಂಡ ಗಾರೆ ಕೆಲಸದವನು, ಮೂಡಲಪಾಳ್ಯದಲ್ಲಿ ಒಂದು ರೂಮು. ಒಬ್ಬಳೇ ಮಗಳು ಅಲ್ಲೇ ಆರನೇ ಕ್ಲಾಸು. "ಅಕ್ಕಾರ, ನಮ್ಮ ಹುಡುಗಿ ಬಸ್ಸಿನ್ಯಾಗ ಕುಂತು ಅಂಗಡಿ ಬೋರ್ಡೆಲ್ಲಾ ಇಂಗ್ಲೀಷಿನ್ಯಾಗ ಓದ್ತಾಳ್ರೀ," ಅನ್ನುವಳು. ವಾರಕ್ಕೆ ಮೂರು ಸಲ ಅದೇ ಮಾತು. ನನಗೆ ಬೇಸರವಾಗುತ್ತಿತ್ತು. ಆದರೆ ಅವಳ ಕತ್ತರಿ ಒಮ್ಮೆಯೂ ಬಟ್ಟೆಗೆ ತಾಗಲಿಲ್ಲ. ಅದನ್ನು ಹೇಳಲೇಬೇಕು.

ನನ್ನ ಕಣ್ಣಿಗೆ ಪೊರೆ ಬರತೊಡಗಿತ್ತು. ಯಾರಿಗೂ ಹೇಳಿರಲಿಲ್ಲ. ಗಾರ್ಮೆಂಟ್ಸಿನಲ್ಲಿ ಕಣ್ಣು ಹೋದರೆ ಕೆಲಸ ಹೋಯಿತು. ಮನೆಯಲ್ಲಿ ಗಂಡ ಲಕ್ವ ಹೊಡೆದು ಮಲಗಿದ್ದ. ಅಂದಾಜಿನ ಮೇಲೆ ಕತ್ತರಿಸುತ್ತಿದ್ದೆ.

ಆ ಸಲ ಬಂದಿದ್ದು ತಿಳಿನೀಲಿ ಅಂಗಿ, ದಾರವೂ ತಿಳಿನೀಲಿ. ಮಧ್ಯಾಹ್ನ ಊಟ ಮುಗಿಸಿ ಎರಡನೇ ಬಂಡಲ್ ಕೊಡಲು ಹೋದರೆ, ಅಕ್ಕ ನನ್ನ ಮೊದಲ ಬಂಡಲ್ ಬಿಚ್ಚಿಕೊಂಡು ಕೂತಿದ್ದರು. ಹನ್ನೊಂದು ಅಂಗಿ ಪಕ್ಕಕ್ಕಿತ್ತು. ಎಲ್ಲದರಲ್ಲೂ ಕಾಲರಿನ ಕೆಳಗೆ, ಎದುರಿಗೇ, ಎಳ್ಳಿನಷ್ಟು ತೂತು. ನನ್ನ ಕತ್ತರಿಯ ಮೂತಿ.

ಅವರು ಬೈಯಲಿಲ್ಲ. ಒಂದು ಅಂಗಿಯ ತೋಳು ನನ್ನ ಮುಂದೆ ಹಿಡಿದರು.

"ಇಲ್ಲಿ ಏನಿದೆ ಹೇಳು."

"ಏನೂ ಇಲ್ಲ."

"ಗೇಣುದ್ದ ದಾರ ಇದೆ ಕಣೇ," ಅಂದರು. ಬಗ್ಗಿ ನನ್ನ ಕಣ್ಣೊಳಗೆ ನೋಡಿದರು. ಆಮೇಲೆ ನನ್ನ ಬಂಡಲಿನ ಚೀಟಿ ಕಿತ್ತರು. ಪಕ್ಕದಲ್ಲಿದ್ದ ಸಿಂಧನೂರಿನವಳ ಬಂಡಲಿನ ಚೀಟಿ ತೆಗೆದು ನನ್ನದಕ್ಕೆ ಸಿಕ್ಕಿಸಿದರು. ನನ್ನ ಚೀಟಿ ಅವಳದಕ್ಕೆ ಹೋಯಿತು.

"ಅಕ್ಕ, ಅದು ಅವಳ ಚೀಟಿ."

"ಗೊತ್ತು. ಅವಳಿಗೆ ವಯಸ್ಸಿದೆ, ಕೈ ಚುರುಕು. ಇಲ್ಲಿಂದ ಕಳಿಸಿದ್ರೆ ನಾಳೆ ಎದುರು ಮಹಡೀಲಿ ಸೇರ್ಕೋತಾಳೆ. ಅವಳಿಗೆ ಇದು ಡ್ಯಾಮೇಜ್. ಈ ಕಣ್ಣಿಟ್ಕೊಂಡು ನಿನ್ನ ಕಳಿಸಿದ್ರೆ ಯಾರು ತಗೋತಾರೆ? ನಿನಗಾದ್ರೆ ಸ್ಪಾಯಿಲ್. ಹೋಗಿ ಕೂತ್ಕೋ."

ಹೋಗಿ ಕೂತೆ. ಯಾರೂ ನನ್ನ ಕೈ ಕಟ್ಟಿರಲಿಲ್ಲ, ಬಾಯಿ ಮುಚ್ಚಿರಲಿಲ್ಲ.

ಓನರ್ ಬಂದ. ಹನ್ನೊಂದು ಅಂಗಿಯನ್ನೂ ಸಿಂಧನೂರಿನವಳ ಮುಂದೆ ಎಸೆದು, "ನಾಳೆಯಿಂದ ಬರಬೇಡ," ಅಂದ. ಅವಳು ಒಂದೊಂದನ್ನೇ ಎತ್ತಿ ನೋಡಿದಳು.

"ನಂದಲ್ರೀ ಸಾರ್. ನಾ ಕತ್ತರಿ ಹಿಂಗ ಹಿಡಿಯಂಗಿಲ್ರೀ. ಅಕ್ಕಾರ, ನೀವರ ಹೇಳ್ರೀ. ಬಾಜೂಕ ಕುಂತಿದ್ರಲ್ಲ?"

"ನಾನು ನೋಡ್ಲಿಲ್ಲಮ್ಮ," ಅಂದೆ. ಕಣ್ಣಿಗೆ ಪೊರೆ ಬಂದವಳ ಬಾಯಲ್ಲಿ ಅದು ಅರ್ಧ ನಿಜ.

ಅವಳು ಚೆಕಿಂಗ್ ಮೇಜಿನ ಕಡೆ ನೋಡಿದಳು. ಅಕ್ಕ ಇನ್ನೊಂದು ಅಂಗಿಯ ಮೇಲೆ ಉಗುರು ಎಳೆಯುತ್ತಿದ್ದರು. ಅಕ್ಕನ ಕಣ್ಣು ತಪ್ಪುವುದಿಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು. ಊಟದ ಡಬ್ಬಿ ಬ್ಯಾಗಿಗೆ ಹಾಕಿಕೊಂಡು ಹೋದಳು.

ಅಕ್ಕ ಎಲ್ಲ ತೂಗಿ ನೋಡಿದ್ದರು, ಒಂದನ್ನು ಬಿಟ್ಟು. ನಮ್ಮ ಗಲ್ಲಿಯಲ್ಲಿ ಇನ್ನೂ ಆರು ಗಾರ್ಮೆಂಟ್ಸ್ ಇದ್ದವು. ಆ ಏಳು ಜಾಗದ ಓನರುಗಳೂ ಸೂಪರ್‌ವೈಸರುಗಳೂ ಸಂಜೆ ಟೀ ಕುಡಿಯುವುದು ಒಂದೇ ಅಂಗಡಿಯಲ್ಲಿ. ಅಲ್ಲಿ ಒಬ್ಬ ಬಾಯಿ ಬಿಟ್ಟರೆ ಏಳು ಕಡೆಗೂ ಗೊತ್ತಾದಂತೆ. ಮಾರನೆಯ ದಿನ ಅವಳು ಎದುರು ಮಹಡಿ ಹತ್ತಿದಳು. "ಮಾಲಿಗೆ ಕತ್ತರಿ ಹಾಕಿದವಳು ನೀನೇ ತಾನೆ?" ಅಂದು ಕಳಿಸಿದರು. ಮಿಕ್ಕ ಐದು ಕಡೆಯೂ ಅದೇ. ಒಂದು ವಾರ ಗಲ್ಲಿಯಲ್ಲಿ ಅವಳು ಕಂಡಳು. ಆಮೇಲೆ ಕಾಣಲಿಲ್ಲ.

ಎರಡು ಭಾನುವಾರ ಕಳೆದ ಮೇಲೆ ಅಕ್ಕ ಮೂಡಲಪಾಳ್ಯಕ್ಕೆ ಹುಡುಕಿಕೊಂಡು ಹೋದರು. ಸೋಮವಾರ ಬಂದು ನನ್ನ ಪಕ್ಕ, ಅವಳ ಸ್ಟೂಲಿನ ಮೇಲೆ ಕೂತರು.

"ರೂಮ್ ಖಾಲಿ ಮಾಡಿ ಊರಿಗೆ ಹೋದ್ರಂತೆ. ಒಬ್ಬನ ದುಡಿಮೇಲಿ ಬಾಡಿಗೆ ಕಟ್ಟಕ್ಕಾಗ್ಲಿಲ್ಲ. ಮಗೂಗೆ ಟಿಸಿ ತಗೊಂಡ್ರಂತೆ. ಊರಲ್ಲಿ ಸೇರಿಸ್ತೀವಿ ಅಂದ್ರಂತೆ. ಸೇರಿಸ್ತಾರೋ, ಹೊಲಕ್ಕೆ ಕಳಿಸ್ತಾರೋ, ಯಾರಿಗ್ಗೊತ್ತು."

ನಾನು ಕತ್ತರಿ ನಿಲ್ಲಿಸಲಿಲ್ಲ. "ಈಗ ಹೇಳಿ ಅಕ್ಕ. ಇದು ಯಾವ ಬುಟ್ಟಿಗೆ?" ಅಂದೆ.

ಬೇಕೆಂದೇ ಕೇಳಿದ್ದು. ನನಗೆ ಅವರ ಮೇಲೆ ಸಿಟ್ಟಿತ್ತು. ನನ್ನನ್ನು ಕೇಳದೆ ನನ್ನ ಕೈಗೆ ಕಳ್ಳಮಾಲು ಕೊಟ್ಟವರು ಅವರು. ಅವರು ಎದ್ದು ಹೋದರು. ಅಂದಿನಿಂದ ಆ ಪಾಠ ನಿಂತಿತು. ಹೊಸಬರು, "ಇದು ಯಾವುದಕ್ಕೆ ಹಾಕ್ಲಿ ಅಕ್ಕ?" ಅಂತ ಕೇಳಿದರೆ, "ಯಾವುದಕ್ಕಾದ್ರೂ ಹಾಕು," ಅನ್ನುತ್ತಿದ್ದರು.

ಅದೇ ತಿಂಗಳು ನನ್ನನ್ನು ಕಣ್ಣಿನ ಕ್ಯಾಂಪಿಗೆ ಎಳೆದುಕೊಂಡು ಹೋದರು. ನಾನು ಬರುವುದಿಲ್ಲ ಎಂದೆ. "ನಿನ್ನ ಕಣ್ಣಿಗೋಸ್ಕರ ಒಬ್ಬಳು ಹೋದ್ಲು. ಕಣ್ಣಾದ್ರೂ ಮಾಡಿಸ್ಕೋ, ನಡಿ," ಅಂದರು. ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಎದುರಿಗೆ ಕಂಡಿದ್ದು ಅವರ ಮುಖ. ಅಷ್ಟೊಂದು ಸುಕ್ಕಿದೆಯೆಂದು ನನಗೆ ಗೊತ್ತಿರಲಿಲ್ಲ. ಒಂದು ಒಳ್ಳೆಯ ಮಾತು ಆಡಬಹುದಿತ್ತು. ಆಡಲಿಲ್ಲ.

ಮತ್ತೆ ಎರಡು ವರ್ಷ ಒಂದೇ ಮಹಡಿಯಲ್ಲಿದ್ದೆವು. ಬಂಡಲ್ ಕೊಡುವುದು, ತೆಗೆದುಕೊಳ್ಳುವುದು, ಅಷ್ಟೇ. ಯಾವ ಗಂಡನಿಗಾಗಿ ಬಾಯಿ ಮುಚ್ಚಿಕೊಂಡೆನೋ ಅವನು ಆ ಮಳೆಗಾಲಕ್ಕೇ ಹೋದ. ಆದರೂ ನಾನು ಓನರಿಗೆ ನಿಜ ಹೇಳಲಿಲ್ಲ. ಹೇಳಿದರೆ ಅಕ್ಕನ ಕೆಲಸವೂ ಹೋಗುತ್ತದೆ ಎಂದುಕೊಳ್ಳುತ್ತಿದ್ದೆ. ಅದು ನೆಪ. ನನಗೆ ಸಂಬಳ ಬೇಕಿತ್ತು.

ಅಕ್ಕನಿಗೆ ಜಾಂಡೀಸ್ ಆಯಿತು. ನಾಟಿ ಔಷಧಿ ಕುಡಿಯುತ್ತ ಶನಿವಾರದವರೆಗೂ ಕೆಲಸಕ್ಕೆ ಬಂದರು. ಬುಧವಾರ ತೀರಿಕೊಂಡರು. ಸುಮನಹಳ್ಳಿಯ ಚಿತಾಗಾರಕ್ಕೆ ನಾವೆಲ್ಲ ಹೋಗಿದ್ದೆವು. ನಮ್ಮ ಗಲ್ಲಿಯ ಗಾರ್ಮೆಂಟ್ಸಿನವರೂ ಬಂದಿದ್ದರು. ಓನರ್ ಎಲ್ಲರೆದುರಿಗೆ, "ಇಷ್ಟು ವರ್ಷದಲ್ಲಿ ಈಯಮ್ಮ ಒಂದು ಪೀಸ್ ತಪ್ಪು ಹೇಳಿದ್ದಿಲ್ಲ ಕಣ್ರೀ," ಅಂದ. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಅವರ ಮಗಳು ಅದನ್ನು ಕೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವಳಿಗೆ ತಾಯಿಯಿಂದ ಉಳಿದ ಆಸ್ತಿ ಆ ಮಾತೊಂದೇ.

ಮಾರನೆಯ ಬೆಳಿಗ್ಗೆ ಎಂಟಕ್ಕೆ ನಾನು ಗಲ್ಲಿಯ ಆ ತುದಿಯಿಂದ ಶುರು ಮಾಡಿದೆ. ಆರೂ ಕಡೆ ಮೆಟ್ಟಿಲು ಹತ್ತಿ, ಸೂಪರ್‌ವೈಸರನ್ನು ಕರೆಸಿ, "ಎರಡು ವರ್ಷದ ಹಿಂದೆ ಸಿಂಧನೂರಿನವಳನ್ನ ಕತ್ತರಿ ಹಾಕಿದವಳು ಅಂತ ವಾಪಸ್ ಕಳಿಸಿದ್ರಲ್ಲ, ಆ ತೂತು ಮಾಡಿದ್ದು ನಾನು," ಅಂದೆ. ಒಬ್ಬ, "ಯಾವ ಸಿಂಧನೂರು?" ಅಂದ. ಒಬ್ಬ ನಾನು ಕೆಲಸ ಕೇಳಲು ಬಂದಿದ್ದೇನೆಂದುಕೊಂಡು, "ವಯಸ್ಸಾದೋರನ್ನ ತಗೊಳ್ಳಲ್ಲ ಆಂಟಿ," ಅಂದ. ಇನ್ನೊಬ್ಬಳು ಕೂರಿಸಿ ನೀರು ಕೊಟ್ಟಳು, ಬಿಸಿಲಿಗೆ ತಲೆ ತಿರುಗಿದೆ ಎಂದುಕೊಂಡಿರಬೇಕು. ಸಿಂಧನೂರಿನವಳ ಹೆಸರು ಒಬ್ಬರಿಗೂ ನೆನಪಿರಲಿಲ್ಲ. ನಾನು ಆರೂ ಕಡೆ ಹೆಸರು ಹೇಳಿ ಬಂದೆ.

ಕೊನೆಗೆ ನಮ್ಮ ಮಹಡಿ ಹತ್ತಿದೆ. ಓನರಿಗೂ ಅದನ್ನೇ ಹೇಳಿದೆ. ಅವನು ಖಾಲಿ ಚೆಕಿಂಗ್ ಮೇಜಿನ ಕಡೆ ತಿರುಗಿ, "ಆದ್ರೆ ಬಂಡಲ್ ಮೇಲೆ ಅವಳ ಚೀಟಿ ಇತ್ತಲ್ಲ? ಅಮ್ಮ ತಾನೇ ನನಗೆ ತೋರಿಸಿದ್ದು?" ಅಂದ.

"ಅವರು ನೀರು ಕುಡಿಯಕ್ಕೆ ಎದ್ದಿದ್ರು ಸಾರ್. ಆಗ ಚೀಟಿ ಬದಲಾಯಿಸಿದ್ದೂ ನಾನೇ. ಅವರಿಗೇನೂ ಗೊತ್ತಿರಲಿಲ್ಲ," ಅಂದೆ.

ಕತ್ತರಿಯನ್ನು ಅವನ ಮುಂದಿಟ್ಟು ಕೆಳಗಿಳಿದೆ.