ಆಕ್ಷೇಪಣೆಯೇ ಇಲ್ಲದ ಡ್ರ್ಯಾಗನ್

ಬೆಂಗಳೂರಿನ ವಿಜಯನಗರದ ಒಂದು ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳಿಗೆ ಕೂತು, ಭಾನುವಾರಗಳಲ್ಲಿ ನಾವು ಮೂವರು ಒಂದು ಆಟ ಆಡುತ್ತಿದ್ದೆವು. ಒಬ್ಬ ಕಥೆ ಹೇಳಬೇಕು, ಉಳಿದಿಬ್ಬರು ಅದರೊಳಗಿನ ವೀರರಾಗಬೇಕು, ಬೀಸಿದ ಕತ್ತಿ ತಗುಲಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸಬೇಕು. ನಿಯಮಗಳನ್ನು ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿದ್ದೆವು. ದಾಳ ಮಾತ್ರ ಲೂಡೋ ಡಬ್ಬಿಯದು. ನಮ್ಮ ಆಟದ ನಕಾಶೆಯಲ್ಲಿ ಪಕ್ಕದ ಕಾಮಾಕ್ಷಿಪಾಳ್ಯ ದಾಟಿದರೆ ಘೋರ ಕಾಡು.

ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ನಾನು ತಂದ ಪದ್ಧತಿಯೊಂದಿತ್ತು: ಪ್ರಶ್ನೆಗಳಿಗೆ ಉತ್ತರ ಕೊಡದೆ ಯಾವ ಹೊಸ ಪ್ರಾಣಿಯೂ ಕಥೆಯೊಳಗೆ ಬರುವಂತಿಲ್ಲ. ಕಥೆ ಹೇಳುತ್ತಿದ್ದವನು ಆ ಮನೆಯ ಓನರ್ ಮಗ. ಬೆಂಕಿ ಉಗುಳುವ ಡ್ರ್ಯಾಗನ್ ಒಂದನ್ನು ಬರೆದುಕೊಂಡು ಬಂದ. ಗಂಟಲು ಯಾಕೆ ಸುಡುವುದಿಲ್ಲ ಎಂದು ಕೇಳಿದೆ.

"ಡ್ರ್ಯಾಗನ್ ಕಣೋ ಅದು!"

"ಅದು ಉತ್ತರ ಅಲ್ಲ."

ಆನೆಯಷ್ಟು ಭಾರದ ಮೈ ಅಷ್ಟು ಚಿಕ್ಕ ರೆಕ್ಕೆಯಲ್ಲಿ ಹೇಗೆ ಮೇಲೇಳುತ್ತದೆ ಎಂದೆ. ಅವನು ಹಾಳೆಯನ್ನೇ ಹರಿದ. "ನೀನೇ ಒಂದು ಮಾಡ್ಕೊಂಡ್ ಬಾ ಗುರು, ನೋಡೇಬಿಡೋಣ."

ಮಾಡಿದೆ. ನಮ್ಮ ಕಥೆಯ ಅತಿ ದೊಡ್ಡ ಯುದ್ಧ ನನ್ನ ಡ್ರ್ಯಾಗನ್ ಜೊತೆಗೇ ನಡೆಯಬೇಕು ಎಂಬ ಹಟ ನನಗೆ. ಯಾವುದನ್ನು ಪ್ರಶ್ನಿಸಬಹುದೋ ಅದನ್ನೆಲ್ಲ ತೆಗೆದುಹಾಕುತ್ತ ಹೋದೆ. ಬೆಂಕಿ ಹೋಯಿತು, ರೆಕ್ಕೆ ಹೋಯಿತು. ಪಾಳುಬಿದ್ದ ಕಲ್ಲುಕ್ವಾರಿಯಲ್ಲಿ ಅದರ ವಾಸ.

ನಮ್ಮಲ್ಲಿ ಮೂರನೆಯವನು, ಗೋವಿಂದರಾಜನಗರದಲ್ಲಿ ರೂಮು ಮಾಡಿಕೊಂಡಿದ್ದ ಧಾರವಾಡದ ಗೆಳೆಯ, ಕೇಳಿದ: "ಇಷ್ಟ್ ದೊಡ್ಡದೈತಿ, ಊಟಕ್ಕೇನಲೇ?"

"ತಣ್ಣನೆ ರಕ್ತ. ಯಾವಾಗಲೋ ಒಮ್ಮೆ ತಿಂದ್ರೆ ಸಾಕು."

"ಮತ್ತ ಯಾರೂ ಯಾಕ ನೋಡಿಲ್ಲ?"

"ಅಲುಗಾಡಲ್ಲ. ಚರ್ಮ ಬಂಡೆ ಥರಾನೇ ಇದೆ."

ಓನರ್ ಮಗ ಕ್ವಾರಿಯನ್ನು ನಕಾಶೆಯಲ್ಲಿ ಗುರುತು ಹಾಕಿಕೊಂಡ. ಗೆದ್ದೆ ಅಂದುಕೊಂಡೆ.

ಮುಂದಿನ ಭಾನುವಾರ ವೀರರಿಬ್ಬರೂ ಕ್ವಾರಿಗೆ ಇಳಿದೆವು. "ಎದುರಿಗೆ ಡ್ರ್ಯಾಗನ್. ಏನ್ ಮಾಡ್ತೀರಾ?" ಎಂದ ಕಥೆಗಾರ. ನಾನು ಕತ್ತಿ ಹಿರಿದೆ, ದಾಳಕ್ಕೆ ಕೈ ಚಾಚಿದೆ. ಧಾರವಾಡದವನು ನನ್ನ ಕೈ ಹಿಡಿದ.

"ಯಾಕಲೇ? ಏನ್ ಮಾಡೈತಿ ಅದು ನಿನಗ?"

"ಡ್ರ್ಯಾಗನ್ ಕಣೋ ಅದು!"

"ಅದು ಉತ್ತರ ಅಲ್ಲ," ಎಂದ ಕಥೆಗಾರ. ಇದಕ್ಕೇ ಕಾಯುತ್ತಿದ್ದನೇನೋ.

ಅದರ ಹೊಟ್ಟೆಯಡಿ ಚಿನ್ನದ ರಾಶಿ ಇದೆ ಎಂದೆ.

"ಚಿನ್ನ ತಗೊಂಡು ಅದೇನ್ ಮಾಡುತ್ತೆ ಮಗಾ? ಚಿಕ್ಕಪೇಟೆಗೆ ಹೋಗಿ ಮಾರುತ್ತಾ?"

ನಾನು ಕೈ ಬಿಡಿಸಿಕೊಂಡು ದಾಳ ಎತ್ತಿಕೊಂಡೆ.

"ಮಕ್ಕೊಂಡೈತಿ ಪಾಪ," ಎಂದ ಧಾರವಾಡದವನು. "ಎಬ್ಬಿಸಬ್ಯಾಡ. ಬಾ, ಆ ಕಡಿಂದ ಹೋಗೂಣು."

ಹೋದೆವು. ದಾಳ ಉರುಳಲೇ ಇಲ್ಲ. ಕಥೆ ಕಾಡು ದಾಟಿ ಬೇರೆ ಊರುಗಳಿಗೆ, ಬೇರೆ ಯುದ್ಧಗಳಿಗೆ ಹೋಯಿತು. ನನ್ನ ಡ್ರ್ಯಾಗನ್ ಆ ಕ್ವಾರಿಯಲ್ಲೇ ಬಿದ್ದಿದೆ. ಬೇಕಾದರೆ ಈಗಲೂ ಬಂದು ಪ್ರಶ್ನಿಸಿ, ಅದರ ಮೇಲೆ ಒಂದೇ ಒಂದು ಆಕ್ಷೇಪಣೆಯೂ ನಿಲ್ಲುವುದಿಲ್ಲ.